ಇಪ್ಪತ್ತೆರಡು ನಗುಮುಖ

ಶಾಲು ಹೊದ್ದುಕೊಂಡು ಬಂದದ್ದು ತಪ್ಪಾಯಿತೆಂದು ಸೋಮಪ್ಪನಿಗೆ ಅನಿಸಿದ್ದು ಮಿಲ್ಲಿನ ಗೇಟು ಕಣ್ಣಿಗೆ ಬಿದ್ದ ಮೇಲೆ. ಮನೆಯಲ್ಲಿ ಅದು ಬರೀ ಒಂದು ಶಾಲಾಗಿತ್ತು. 'ಇಷ್ಟು ಥಂಡಿ ಐತಿ, ಟ್ರಂಕಿನ್ಯಾಗ ಇಟ್ಟು ಅದಕ್ಕೇನ ಊದಿನಕಡ್ಡಿ ಬೆಳಗತೀರೇನು, ಹೊತ್ಕೊಂಡು ಹೋಗ್ರಿ' ಎಂದು ಹೆಂಡತಿ ರಾಯವ್ವ ಹಿಂದಿನಿಂದ ಬಂದು ಹೆಗಲಿಗೆ ಹಾಕಿದಾಗ ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಿದ್ದವನು ಹೂಂ ಅಂದಿದ್ದ, ಅಷ್ಟೆ. ಸವದತ್ತಿ ರಸ್ತೆಯ ಎರಡೂ ಬದಿಯ ಕಡಲೆ ಹೊಲಗಳ ಮೇಲೆ ಇಬ್ಬನಿ ಇನ್ನೂ ಕರಗಿರಲಿಲ್ಲ. ಬೈಲಹೊಂಗಲದ ಕಡೆಯಿಂದ ಹತ್ತಿ ಹೇರಿಕೊಂಡ ಟ್ರ್ಯಾಕ್ಟರು ಒಂದು ಎದುರಾಗಿ, ಅದರ ಟ್ರೇಲರಿನಿಂದ ಬಿಳಿ ತುಣುಕುಗಳು ಹಾರಿ ಬಂದು ಶಾಲಿನ ಉಣ್ಣೆಗೆ ಅಂಟಿದ್ದವು. ಒಂದನ್ನು ಕಿತ್ತರೆ ಅದರ ಎಳೆ ಅರ್ಧ ಅಲ್ಲೇ ಉಳಿಯುತ್ತಿತ್ತು. ಹಾಗೆ ಕೀಳುತ್ತಾ, ಒಂದು ಕೈಯಲ್ಲಿ ಹ್ಯಾಂಡಲ್ಲು ಹಿಡಿದು ಬರುತ್ತಿದ್ದವನಿಗೆ ಗೇಟಿನ ಪಕ್ಕದ ಗೋಡೆಗೆ ಹೊಡೆದ ಹಿತ್ತಾಳೆ ಫಲಕ ಬಿಸಿಲಿಗೆ ಒಮ್ಮೆ ಹೊಳೆದು ಕಂಡಿತು. 'ಕೆಲಸಗಾರರು ಅತ್ಯಂತ ಸಂತುಷ್ಟರಾಗಿರುವ ಘಟಕ.' ಆ ಫಲಕವೂ ಈ ಶಾಲೂ ಹೋದ ವರ್ಷ ಒಂದೇ ದಿನ, ಒಂದೇ ತಟ್ಟೆಯಲ್ಲಿ ಬಂದವು. ಹುಬ್ಬಳ್ಳಿಯ ದೊಡ್ಡ ಆಫೀಸಿನವರು ಬಂದು, ಫಲಕವನ್ನು ಮ್ಯಾನೇಜರ್ ಬಸಯ್ಯನವರ ಕೈಗೆ ಕೊಟ್ಟು, 'ಸಮೀಕ್ಷೆಗೆ ಸಹಕರಿಸಿದ್ದಕ್ಕಾಗಿ' ಎಂದು ಓದಿ, ಕಾಫಿ ಬಣ್ಣದ ಶಾಲನ್ನು ಸೋಮಪ್ಪನಿಗೆ ಹೊದಿಸಿದ್ದರು. ಅವತ್ತು ಎದುರಿಗೆ ಸಾಲಾಗಿ ಕುಳಿತಿದ್ದ ಇಪ್ಪತ್ತೆರಡು ಹೆಂಗಸರೂ ಚಪ್ಪಾಳೆ ತಟ್ಟಿದ್ದರು. ಯಾಕೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಸೈಕಲ್ಲು ನಿಲ್ಲಿಸಿ ಶಾಲು ಮಡಚಿ ಕ್ಯಾರಿಯರಿಗೆ ಸಿಕ್ಕಿಸಬೇಕೆಂದುಕೊಂಡವನು, ಹಾಗೆ ಮಾಡಿದರೆ ಮುಚ್ಚಿಟ್ಟ ಹಾಗಾಗುತ್ತದೆ ಎಂದು ಬಿಟ್ಟ. ಹೊದ್ದುಕೊಂಡು ಹೋದರೆ ಮೆರೆದ ಹಾಗೆ. ಎರಡರ ನಡುವೆ ಒಂದು ಗಳಿಗೆ ನಿಂತ, ಕೊನೆಗೆ ಥಂಡಿಯೇ ತೀರ್ಮಾನ ಮಾಡಿತು. ಒಳಗೆ ಪಟ್ಟಾ ಓಡಲು ಶುರುವಾಗಿತ್ತು. ಅಗಲ ರಬ್ಬರಿನ ಪಟ್ಟಿ, ಎರಡೂ ಬದಿಗೆ ಹನ್ನೊಂದು ಹನ್ನೊಂದು ಹೆಂಗಸರು ನಿಂತು, ಮುಂದೆ ಹರಿದು ಹೋಗುವ ಹತ್ತಿಯಿಂದ ಒಣ ಎಲೆ, ತೊಟ್ಟು, ಹುಳ ತಿಂದು ಹಳದಿಗಟ್ಟಿದ ಗಂಟು ಹೆಕ್ಕಿ ಪಕ್ಕದ ಡಬ್ಬಿಗೆ ಹಾಕುತ್ತಿದ್ದರು. ಒಬ್ಬಳು ಬಿಟ್ಟದ್ದನ್ನು ಮುಂದಿನವಳು ಹೆಕ್ಕಬಹುದು, ಅವಳೂ ಬಿಟ್ಟರೆ ಅದರ ಮುಂದಿನವಳು. ಕೊನೆಗೆ ಯಾರು ಬಿಟ್ಟರೋ ಯಾರು ಹೆಕ್ಕಿದರೋ, ಹತ್ತಿ ಒಂದೇ ಬಾಯಿಯೊಳಗೆ ಬಿದ್ದು ಕಾಳು ಬೇರ್ಪಡಿಸುವ ಜಿನ್ನಿಗೆ ಹೋಗುತ್ತಿತ್ತು. ಸೋಮಪ್ಪ ಎರಡು ವರ್ಷದಿಂದ ಇದರ ಮೇಸ್ತ್ರಿ. ಮೇಸ್ತ್ರಿ ಅಂದರೆ ಪಟ್ಟಾ ನಿಂತರೆ ಕೂಗಬೇಕು, ಓಡಿದರೆ ಸುಮ್ಮನಿರಬೇಕು. ಎಡಗಡೆಯ ಸಾಲಿನಲ್ಲಿ ನಾಲ್ಕನೆಯವಳಾಗಿ ಸೀತವ್ವ ನಿಂತಿದ್ದಳು. ಅವಳು ಶಾಲನ್ನು ನೋಡಿದಳು. ಅವನ ಮುಖ ನೋಡಲಿಲ್ಲ. ಸಂಕ್ರಾಂತಿಯ ಮಾರನೆಯ ದಿನದಿಂದ ಇವತ್ತಿಗೆ ನಾಲ್ಕು ದಿನ, ಅವಳು ಅವನ ಮುಖ ನೋಡಿರಲಿಲ್ಲ, ಮತ್ತು ಯಾಕೆಂದು ಹೇಳಿರಲೂ ಇಲ್ಲ.

ಹತ್ತು ಗಂಟೆಗೆ ಬಸಯ್ಯನವರು ಆಫೀಸಿಗೆ ಕರೆಸಿದರು. ಒಳಗೆ ಕಿತ್ತೂರಿನ ಹುಡುಗಿ ಸಿಮ್ರನ ಕುಳಿತಿದ್ದಳು. ಹುಬ್ಬಳ್ಳಿಯ ಆಫೀಸಿನಲ್ಲಿ ಕೆಲಸಗಾರರ ಯೋಗಕ್ಷೇಮ ನೋಡುವ ಕೆಲಸ ಅವಳದು. ಹೋದ ವರ್ಷ ಬಂದಾಗ ಹೊಸಬಳು, ಸಮೀಕ್ಷೆಯ ಫಾರ್ಮಿನ ಕಟ್ಟನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಈ ಸಲ ಕುರ್ಚಿಯಲ್ಲಿ ಸರಾಗ ಕುಳಿತಿದ್ದಳು, ಆದರೆ 'ಬರ್ರಿ ಅಂಕಲ್' ಎನ್ನುವಾಗ ಎದ್ದು ನಿಂತಳು. ಅದು ಅವನಿಗೆ ಹಿಡಿಸಿತು, ಹಿಡಿಸಿದ್ದಕ್ಕೆ ಮುಜುಗರವೂ ಆಯಿತು.

'ಹ್ವಾದ ವರ್ಷದ ಹಾಂಗ ಇರ್ಲಿ ಅಂಕಲ್,' ಎಂದಳು ಅವಳು ಫಾರ್ಮುಗಳನ್ನು ಮುಂದೆ ಸರಿಸಿ. 'ಓದಾಕ ಬರದವರಿಗೆ ನೀವು ಓದಿ ಹೇಳ್ರಿ, ಅವರು ಯಾವ ಮಾರಿ ತೋರಸ್ತಾರ ಅದಕ್ಕ ಟಿಕ್ ಹೊಡೀರಿ. ನಾಕಕ್ಕ ಗಾಡಿ ಬರತೈತಿ. ಹ್ವಾದ ವರ್ಷ ಪಟ್ಟಾದ ಬಗ್ಗೆ ಎಲ್ಲಾರೂ ಐದಕ್ಕೈದು ಕೊಟ್ಟಿದ್ರಲ್ಲ, ಅದನ್ನ ನೋಡೇ ಮ್ಯಾಲಿನವರು ರಾಮದುರ್ಗದ ಮಿಲ್ಲಿಗೂ ಪಟ್ಟಾ ಹಾಕ್ಸಿದ್ರು. ಇನ್ನು ಇಲ್ಲಿ ಎರಡನೇ ಪಟ್ಟಾ ಹಾಕ್ಸತಾರ.'

'ನಮ್ಮ ಸೋಮಪ್ಪ ಇದ್ದಾನಂದ್ರ ನಮಗ ಚಿಂತಿಲ್ರಿ,' ಎಂದರು ಬಸಯ್ಯನವರು. 'ಶಾಲು ನೋಡ್ರಲ್ಲ, ಇನ್ನ ಹೊತ್ಕೊಂಡ ಅಡ್ಡ್ಯಾಡತಾನ.'

ಸೋಮಪ್ಪ ನಕ್ಕ. ನಕ್ಕದ್ದು ಬಾಯಿ ಮಾತ್ರ ಎಂದು ಅವನಿಗೇ ತಿಳಿಯಿತು. ರಾಮದುರ್ಗ ಎಂಬ ಮಾತು ಕಿವಿಗೆ ಬಿದ್ದೊಡನೆ ಸೀತವ್ವನ ನಾಲ್ಕು ದಿನದ ಮೌನದ ಬಾಗಿಲು ತೆರೆದುಕೊಂಡಂತಾಗಿತ್ತು. ಅವಳ ತಂಗಿಯನ್ನು ಕೊಟ್ಟದ್ದು ರಾಮದುರ್ಗಕ್ಕೆ. ಆ ತಂಗಿ ದುಡಿಯುವುದು ಅದೇ ಮಿಲ್ಲಿನಲ್ಲಿ. ಸಂಕ್ರಾಂತಿಯ ದಿನ ಅಕ್ಕತಂಗಿಯರು ನವಿಲುತೀರ್ಥಕ್ಕೆ ಹೋಗಿ ಹೊಳೆ ಸ್ನಾನ ಮಾಡಿ, ಸಜ್ಜಿ ರೊಟ್ಟಿ ಎಣಗಾಯಿ ಬಿಚ್ಚಿ ಕೂಡುವುದು ವರ್ಷದ ರೂಢಿ. ತಂಗಿ ಏನು ಹೇಳಿರಬಹುದು, ಯಾವ ದನಿಯಲ್ಲಿ ಹೇಳಿರಬಹುದು ಎಂಬುದು ಅವನಿಗೆ ಅಲ್ಲೇ ನಿಂತು ಕೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಫಾರ್ಮಿನ ಕಟ್ಟು ಹಿಡಿದು ಹೊರಗೆ ಬಂದ. ಮೇಲಿನದು ಅವನದೇ, ಹೆಸರು ಬರೆದಿತ್ತು. ಪ್ರತಿ ಪ್ರಶ್ನೆಯ ಮುಂದೆ ಐದು ಗುಂಡು ಮುಖಗಳು, ಹಲ್ಲು ಬಿಟ್ಟು ನಗುವುದರಿಂದ ಹಿಡಿದು ಅಳುವವರೆಗೆ. ಮೊದಲನೇ ಪ್ರಶ್ನೆ: ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನಿಮಗೆ ಹೇಗೆ ಅನಿಸುತ್ತದೆ? ಶಾಲು ಹೊರೆಯಾದಂತೆ, ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ತನ್ನ ಫಾರ್ಮನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ.

ಹೋದ ವರ್ಷದ ಫಾರ್ಮುಗಳಿಗೆ ಅವನು ಗುರುತು ಹಾಕಿದ್ದು ಮಿಲ್ಲಿನಲ್ಲಲ್ಲ, ಮನೆಯಲ್ಲಿ, ಒಲೆಯ ಮುಂದೆ ಮಣೆಯ ಮೇಲೆ ಕುಳಿತು, ಮಗಳು ಪ್ರಜ್ಞಾಳ ಪೆನ್ನಿನಲ್ಲಿ. ಹೆಂಗಸರೊಬ್ಬೊಬ್ಬರನ್ನೂ ಕೇಳಿದ್ದ, ಅದು ಸುಳ್ಳಲ್ಲ. ಕೇಳಿ, ಅವರು ಅಂದದ್ದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಬಂದಿದ್ದ. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಮೊದಲನೆಯ ಫಾರ್ಮು ತೆಗೆದಾಗ ಹಮಾಲ ಹಣಮಂತಪ್ಪನ ನೆನಪಾಯಿತು. ಕುಡಿಯುವ ನೀರಿನ ಟಾಕಿಯಲ್ಲಿ ಪಾಚಿ ಕಟ್ಟಿದೆ ಎಂದು ಹಣಮಂತಪ್ಪ ಒಮ್ಮೆ, ಒಂದೇ ಸಲ, ಎಲ್ಲರೆದುರು ಹೇಳಿದ್ದ. ಅವನನ್ನು ಯಾರೂ ಬೈಯಲಿಲ್ಲ, ಬಿಡಿಸಲೂ ಇಲ್ಲ. ಮುಂದಿನ ಸುಗ್ಗಿಯಲ್ಲಿ ಕರೆಯಲಿಲ್ಲ, ಅಷ್ಟೆ. ಹತ್ತಿಯ ಕೆಲಸ ಸುಗ್ಗಿಯ ಕೆಲಸ. ದೀಪಾವಳಿ ಕಳೆದು ಬಾ ಅಂದರೆ ಉಂಟು, ಅನ್ನದಿದ್ದರೆ ಇಲ್ಲ. ಸೀತವ್ವನ ಫಾರ್ಮು ಕೈಗೆ ಬಂದಾಗ ಸೋಮಪ್ಪನ ಪೆನ್ನು ಅಳುವ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ನಗುವ ಮುಖಕ್ಕೆ ಸರಿಯಿತು. ಒಬ್ಬಳದು ಹಾಗೆ ಮಾಡಿದ ಮೇಲೆ ಉಳಿದವರದು ಬೇರೆ ಮಾಡಿದರೆ ಅವರಿಗೆ ತೊಂದರೆ. ಹೀಗೆ ಇಪ್ಪತ್ತೆರಡು. ಕೊನೆಯ ಮುಖಕ್ಕೆ ಗುರುತು ಹಾಕಿ ಪೆನ್ನಿನ ಟೊಪ್ಪಿಗೆ ಹಾಕಿದಾಗ ಅವನಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ಇಪ್ಪತ್ತೆರಡು ಮನೆಯ ಒಲೆಗಳನ್ನು ತಾನೊಬ್ಬನೇ ಕಾದ ಹಾಗೆ. ಅದನ್ನು ಈಗ ನೆನೆದರೆ, ನಾಚಿಕೆಯಾಗುವುದು ಸುಳ್ಳಿಗಲ್ಲ, ಆ ಸಮಾಧಾನಕ್ಕೆ.

ಪಟ್ಟಾ ಬರುವ ಮೊದಲು ಇಪ್ಪತ್ತೆರಡು ಹೆಂಗಸರಿಗೆ ಇಪ್ಪತ್ತೆರಡು ಕುಪ್ಪೆ. ಬೆಳಿಗ್ಗೆ ಹತ್ತಿಯ ಗುಡ್ಡೆಯಿಂದ ತಮ್ಮ ತಮ್ಮ ಪಾಲು ಎಳೆದುಕೊಂಡು, ಗೋಣಿತಾಟಿನ ಮೇಲೆ ಕಾಲು ಚಾಚಿ ಕುಳಿತು, ಕಸ ಎಡಕ್ಕೆ ಹತ್ತಿ ಬಲಕ್ಕೆ ಹಾಕುತ್ತಾ ಹಾಡುತ್ತಾ ಬೈದಾಡುತ್ತಾ ಸಂಜೆಯ ಹೊತ್ತಿಗೆ ಒಬ್ಬೊಬ್ಬರ ಬಲಗಡೆ ಒಂದೊಂದು ಬಿಳಿ ಕುಪ್ಪೆ ಎದ್ದು ನಿಲ್ಲುತ್ತಿತ್ತು. ಆಗ ಸೋಮಪ್ಪ ಎಡಗೈ ಮಣಿಕಟ್ಟಿಗೆ ಕರಿ ಅರಿವೆಯ ತುಂಡು ಸುತ್ತಿಕೊಂಡು ಸಾಲಿನ ತುದಿಯಿಂದ ಹೊರಡುತ್ತಿದ್ದ. ಕುಪ್ಪೆಯ ಮೇಲಿನ ಹತ್ತಿಯನ್ನು ಅವನು ಮುಟ್ಟುತ್ತಿರಲಿಲ್ಲ. ಮೇಲಿನದು ಎಲ್ಲರದೂ ಬೆಳ್ಳಗೇ ಇರುತ್ತದೆ. ಮೊಳಕೈವರೆಗೆ ಕೈ ತೂರಿಸಿ, ಕುಪ್ಪೆಯ ಹೊಟ್ಟೆಯೊಳಗಿಂದ ಒಂದು ಚಿವುಟು ತೆಗೆದು, ಕಾಳು ಬಿಡಿಸಿ, ಎರಡು ಹೆಬ್ಬೆರಳ ನಡುವೆ ಎಳೆದೆಳೆದು, ಎಳೆಗಳೆಲ್ಲ ಒಂದೇ ಸಮನಾದಾಗ ಕರಿ ಅರಿವೆಯ ಮೇಲೆ ಮಲಗಿಸಿ ನೋಡುತ್ತಿದ್ದ. ಉದ್ದ ಇಷ್ಟು, ಸ್ವಚ್ಛ ಇಷ್ಟು. ಮಿಲ್ಲಿನ ಹಿರಿಯ ಸಾವುಕಾರರು, ಈಗ ಸತ್ತು ಹೋದವರು, ರೈತರು ತಂದ ಹತ್ತಿಗೂ ಅವನ ಬಾಯಿಂದ ಮಾತು ಬರುವವರೆಗೆ ದರ ಹೇಳುತ್ತಿರಲಿಲ್ಲ. ರೈತರು ತಮ್ಮ ಹತ್ತಿಯನ್ನಲ್ಲ, ಅವನ ಬೆರಳುಗಳನ್ನು ನೋಡುತ್ತಾ ನಿಂತಿರುತ್ತಿದ್ದರು. ಈಗ ಅದನ್ನು ಗಾಜಿನ ಕೋಣೆಯಲ್ಲಿ ಒಂದು ಯಂತ್ರ ಹೇಳುತ್ತದೆ, ತಪ್ಪಿಲ್ಲದೆ ಹೇಳುತ್ತದೆ. ಕರಿ ಅರಿವೆ ಮನೆಯಲ್ಲಿ ಬಿಸಿ ಬೋಗುಣಿ ಇಳಿಸಲು ರಾಯವ್ವನ ಕೈಗೆ ಹೋಗಿ ವರ್ಷವಾಯಿತು.

ಎಳೆದ ಆ ಚಿವುಟು ಮತ್ತೆ ಹತ್ತಿಗೆ ಸೇರುತ್ತಿರಲಿಲ್ಲ. ಅವತ್ತಿನ ಎಲ್ಲ ಕುಪ್ಪೆಗಳಲ್ಲಿ ಯಾವುದು ಹೆಚ್ಚು ಸ್ವಚ್ಛವೋ ಆ ಹೆಂಗಸಿಗೆ ಅದನ್ನು ಕೊಡುವುದು ರೂಢಿ. ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿ ದೀಪದ ಬತ್ತಿ ಹೊಸೆಯುತ್ತಿದ್ದಳು. ಅದರಿಂದ ಕೂಲಿ ಒಂದು ಪೈಸೆ ಹೆಚ್ಚಾಗುತ್ತಿರಲಿಲ್ಲ. ಆದರೂ ಮನೆಗೆ ಹೋಗಲು ಟಂಟಂ ರಿಕ್ಷಾ ಹತ್ತುವಾಗ ಅವತ್ತು ಅವಳಿಗೆ ಕಿಟಕಿಯ ಕಡೆಯ ಜಾಗ. ಸೋಮಪ್ಪ ಈ ಕೆಲಸಕ್ಕೆ ಬಂದ ಮೊದಲ ವರ್ಷ, ಕೈ ಮುಂದೆ ಚಾಚಿದಾಗ ಒಬ್ಬಳು 'ಅಲ್ಲೇ ಇಡು' ಎಂದಿದ್ದಳು. ಅವನ ಕೇರಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ದೇವರ ಮುಂದಿನ ಬತ್ತಿ. ಅವನು ನೆಲದ ಮೇಲಿಟ್ಟ. ಅವಳು ಎತ್ತಿಕೊಳ್ಳಲಿಲ್ಲ. ಮರುದಿನವೂ ಹಾಗೇ, ಇನ್ನೊಬ್ಬಳು. ಮೂರನೆಯ ದಿನ ಸೀತವ್ವನ ಕುಪ್ಪೆ ಗೆದ್ದಿತು. ಅವನು ಕೇಳದೆಯೇ ಬಾಗಿ ನೆಲದ ಮೇಲಿಡಲು ಹೋದ. 'ಕೈಯಾಗ ಕೊಡ್ರಿ ಸೋಮಣ್ಣಾ,' ಎಂದು ಅವಳು ಅಂಗೈ ಚಾಚಿದ್ದಳು, 'ಕೆಳಗಿಟ್ರ ಮತ್ತ ಕಸ ಹತ್ತೂದಿಲ್ಲೇನು? ಇಡೀ ದಿನ ಆರಿಸಿದ್ದು ಏನ ಬಂತು?' ಉಳಿದವರು ನಕ್ಕರು. ಅಲ್ಲಿಯವರೆಗೆ ಅವನು ಎಲ್ಲರಿಗೂ 'ಸೋಮ್ಯಾ' ಆಗಿದ್ದ. ಮರುದಿನ ಬೆಳಿಗ್ಗೆ ಬಂದವಳೇ ದೂರದಿಂದಲೇ, 'ದೀಪ ಚಲೋ ಉರೀತು ನೋಡ್ರಿ' ಎಂದಿದ್ದಳು. ಇಪ್ಪತ್ತು ವರ್ಷವಾಯಿತು. ಆ ಕೈ ಚಾಚಿದವಳ ಮಾತನ್ನೇ ಅವನು ನಗುವ ಮುಖದ ಕೆಳಗೆ ಮುಚ್ಚಿಟ್ಟದ್ದು.

ಹನ್ನೊಂದಕ್ಕೆ ಚಹಾದ ಹೊತ್ತು, ಪಟ್ಟಾ ನಿಂತಿತು. ಅದು ನಿಂತಾಗ ಕಿವಿಯಲ್ಲಿ ಒಂದು ಗುಳಿ ಬಿದ್ದಂತೆ ಮೌನ. ಹೆಂಗಸರು ಗೋಡೆಗೆ ಆತು ಕುಳಿತರು. ಸೋಮಪ್ಪ ಫಾರ್ಮು ಹಿಡಿದು ಹತ್ತಿರ ಹೋದ. ಮೊದಲು ಬಾಯಿ ತೆಗೆದವಳು ಮದರಬಿ. ಹಲ್ಲು ಅರ್ಧ ಉದುರಿದ್ದರೂ ನಾಲಿಗೆ ಪೂರಾ ಇತ್ತು.

'ಅರೇ ಸೋಮಣ್ಣಾ! ಯಾರ ಮದುವಿಗೆ ಹೊಂಟೀರಿ? ಶಾಲು ಏನ, ದೌಲತ್ತು ಏನ! ಬಿರಿಯಾನಿ ಇದ್ರ ನಮಗೂ ಒಂದು ತುತ್ತು ಕಟ್ಟಿಸ್ಕೊಂಡು ಬರ್ರಿ.'

'ಮದುವೀದು ಅಲ್ಲ ಮದರಬಿ,' ಎಂದಳು ಸೀತವ್ವ. ಲೋಟದೊಳಗೆ ನೋಡುತ್ತಲೇ ಎಂದಳು. 'ಅದು ನಮ್ಮ ನಗೂ ಮಾರಿಗೆ ಬಂದ ಶಾಲು.'

ಯಾರೂ ನಗಲಿಲ್ಲ. ಸೋಮಪ್ಪನ ಕೈ ತಾನಾಗಿ ಶಾಲಿನ ಅಂಚಿಗೆ ಹೋಗಿ, ಅಂಟಿದ್ದ ಅರಳೆಯ ಚೂರೊಂದನ್ನು ಕೀಳತೊಡಗಿತು.

'ಫಾರ್ಮು ಬಂದಾವು, ಸೀತವ್ವಕ್ಕ,' ಎಂದ. ತನ್ನ ದನಿ ಆಫೀಸಿನ ದನಿಯ ಹಾಗೆ ಕೇಳಿಸಿತು. 'ಓದಿ ಹೇಳತೇನಿ. ನೀವು ಏನಂತೀರಿ ಅದನ್ನ...'

'ಓದೂದು ಯಾಕ? ನೀವ ಬರಕೊಳ್ರಿ. ನಮ್ಮ ಮನಸ್ಯಾಗಿಂದು ನಮಗಿಂತ ನಿಮಗ ಚಲೋ ಗೊತ್ತೈತೆಲ್ಲ.' ಲೋಟ ಕೆಳಗಿಟ್ಟಳು. 'ನವಿಲುತೀರ್ಥದಾಗ ನನ್ನ ತಂಗಿ ರೊಟ್ಟಿ ಮುರೀಲಿಲ್ಲ ಸೋಮಣ್ಣಾ. ಬುತ್ತಿ ಬಿಚ್ಚಿ ಹಂಗ ಕುಂತ್ಳು. ನಿಮ್ಮಿಂದ ನಮ್ಮ ಕುಪ್ಪಿ ಹ್ವಾತು ಅಂದ್ಳು. ಬೈಲಹೊಂಗಲದ ಇಪ್ಪತ್ತೆರಡೂ ಹೆಣ್ಮಕ್ಕಳು ಪಟ್ಟಾ ಬೇಕು ಅಂದಾರಂತ, ಕಾಗದದಾಗ ಐತಂತ, ಅವರ ಮ್ಯಾನೇಜರ್ ಓದಿ ತೋರಿಸ್ಯಾನಂತ. ನಾ ಹಂಗ ಅಂದೇ ಇಲ್ಲವಾ ಅಂದೆ. ಕಾಗದ ಸುಳ್ಳ ಹೇಳತೈತೇನ ಅಂದ್ಳು.' ಅವಳ ದನಿ ಏರಲಿಲ್ಲ. 'ಹ್ವಾದ ವರ್ಷ ನಾ ನಿಮ್ಮ ಮುಂದ ಏನ ಹೇಳಿದ್ದೆ? ನೆನಪೈತೇನು?'

ನೆನಪಿತ್ತು. ಮರೆತಿದ್ದರೆ ಎಷ್ಟು ಹಗುರವಾಗಿರುತ್ತಿತ್ತು ಎಂದುಕೊಂಡ. ಪಾಠ ಒಪ್ಪಿಸುವ ಹುಡುಗನ ಹಾಗೆ ನೆಲ ನೋಡುತ್ತಾ ಹೇಳಿದ: '"ಪಟ್ಟಾ ಬಂದಾಗಿಂದ ನಾ ದಿನಾ ಮನಿಗೆ ಹೋಗತೇನಿ, ಆದರ ಮಾಡಿದ ಕೆಲಸ ನನ್ನ ಕೂಡ ಬರೂದಿಲ್ಲ. ನನ್ನ ಕುಪ್ಪಿ ನನಗ ಬ್ಯಾರೆ ಕೊಡ್ರಿ. ಚಲೋ ಇದ್ರ ಚಲೋ ಅನ್ರಿ, ಕೆಟ್ಟಿದ್ರ ಕೆಟ್ಟೈತಿ ಅನ್ರಿ." ಹಂಗಂದಿದ್ರಿ.'

'ಬರದ್ರೇನು?'

'ಇಲ್ಲ.'

'ಏನ ಬರದ್ರಿ?'

'ನಗೂ ಮಾರಿ. ಎಲ್ಲಾರಿಗೂ.' ಇಷ್ಟು ಹೇಳಿದ ಮೇಲೆ ಉಳಿದದ್ದು ಸುಲಭವಾದೀತು ಅಂದುಕೊಂಡಿದ್ದ, ಆಗಲಿಲ್ಲ. 'ಹಣಮಂತಪ್ಪನ್ನ ಕರೀಲಿಲ್ಲಲ್ಲ. ಹಂಗ ನಿಮ್ಮನ್ನೂ ಮುಂದಿನ ಸುಗ್ಗಿಗೆ ಕರೀಲಿಲ್ಲಂದ್ರ ಅಂತ...'

'ಯಾ ಅಲ್ಲಾ,' ಎಂದಳು ಮದರಬಿ ಮೆಲ್ಲಗೆ. 'ನಾ ಅವತ್ತು ಸಂಡಾಸಿಗೆ ಚಿಲಕ ಇಲ್ಲ ಅಂತ ಎಷ್ಟ ಹೇಳಿದ್ದೆ! ಅದಕ್ಕೂ ನಗೂ ಮಾರಿ ಹಾಕೀರೇನ್ರಿ?'

ಒಂದಿಬ್ಬರು ಸೆರಗಿನಲ್ಲಿ ನಕ್ಕರು. ಸೀತವ್ವ ನಗಲಿಲ್ಲ. 'ನನ್ನ ರೊಟ್ಟಿ ಕಾಯಾಕ ನಿಮಗ ಯಾರು ಹೇಳಿದ್ರು?' ಎಂದಳು. 'ಇಪ್ಪತ್ತು ವರ್ಷ ನನ್ನ ಕುಪ್ಪ್ಯಾಗ ಕೈ ಹಾಕಿ ಖರೇನ ಹೇಳಿದ್ರಿ. ಕಸ ಇದ್ದ ದಿನ ಕಸ ಐತಿ ಅಂದ್ರಿ, ನಾ ಸಿಟ್ಟಾಗಿ ಎರಡ ದಿನ ಮಾತ ಬಿಟ್ಟೇನಿ. ಆದರ ನೀವು ಚಲೋ ಅಂದ ದಿನ ನನಗ ನಿದ್ದಿ ಚಲೋ ಬರತಿತ್ತು. ಈಗ ಅದೂ ಖರೇನೋ, ನನ್ನ ಸಮಾಧಾನಕ್ಕ ಅಂತಿದ್ರೋ, ಯಾರಿಗೆ ಗೊತ್ತು.'

ಗಂಟೆ ಹೊಡೆಯಿತು. ಪಟ್ಟಾ ಓಡಿತು. ಎಲ್ಲರೂ ಎದ್ದರು. ಅವನು ಅಲ್ಲೇ ನಿಂತಿದ್ದ. ಎರಡು ವರ್ಷದ ಕೆಳಗೆ, ಪಟ್ಟಾ ಬರುವ ಮುಂಚೆ, ಕೊನೆಯ ಸಲ ಅವನು ಬತ್ತಿಯ ಅರಳೆ ಕೊಟ್ಟದ್ದು ಅವಳಿಗೇ. ಅವತ್ತಿನ ಅವಳ ಕುಪ್ಪೆ ನಿಜಕ್ಕೂ ಹಾಲಿನಂತಿತ್ತು. ಬೆರಳಿಗೆ ಇನ್ನೂ ನೆನಪಿದೆ. ಆದರೆ ಅದನ್ನು ಈಗ ಹೇಳಿದರೆ ಯಾರು ನಂಬುತ್ತಾರೆ? ಒಂದು ಸುಳ್ಳು ಮುಂದಕ್ಕೆ ರಾಮದುರ್ಗದವರೆಗೆ ಹೋದದ್ದು ಅವನಿಗೆ ಬೆಳಿಗ್ಗೆಯೇ ತಿಳಿದಿತ್ತು. ಹಿಂದಕ್ಕೂ ಹೋಗುತ್ತದೆ, ಇಪ್ಪತ್ತು ವರ್ಷದ ಖರೆಯನ್ನೂ ಒಂದೊಂದಾಗಿ ಹಳದಿ ಮಾಡುತ್ತದೆ ಎಂಬುದು ತಿಳಿದಿರಲಿಲ್ಲ.

ಆಫೀಸಿಗೆ ಹೋದಾಗ ಸಿಮ್ರನ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಬಸಯ್ಯನವರು ಫೋನಿನಲ್ಲಿದ್ದರು. ಸೋಮಪ್ಪ ಖಾಲಿ ಫಾರ್ಮುಗಳನ್ನು ಮೇಜಿನ ಮೇಲಿಟ್ಟು, 'ಹ್ವಾದ ವರ್ಷದ ಇಪ್ಪತ್ತೆರಡೂ ಮಾರಿ ನನ್ನವ್ರಿ ಮೇಡಂರ' ಎಂದ. 'ಅವರು ಬ್ಯಾರೆನ ಹೇಳಿದ್ರು. ನಾ ಮನ್ಯಾಗ ಕುಂತು ಟಿಕ್ ಹೊಡದೆ.'

ಬಸಯ್ಯನವರು ಫೋನು ಕೆಳಗಿಟ್ಟರು. 'ಏ ಸೋಮಪ್ಪಾ, ಹಳೇದನ್ನ ಯಾಕ ಕೆದರತೀ? ಈಗೇನ, ಗ್ವಾಡಿ ಮ್ಯಾಲಿನ ಫಲಕ ಬಿಚ್ಚಿ ವಾಪಸ್ ಕೊಡೂಣೇನ?' ನಗೆಯಾಗಿಯೇ ಹೇಳಿದರು, ಆದರೆ ಕಣ್ಣು ಸಿಮ್ರನಳ ಮೇಲಿತ್ತು.

ಸಿಮ್ರನ ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. 'ಆ ರಿಪೋರ್ಟ್ ಮ್ಯಾಲೇ ನನ್ನ ಪರ್ಮನೆಂಟ್ ಮಾಡಿದ್ರು, ಅಂಕಲ್,' ಎಂದಳು. ಮತ್ತೆ, ಅವನಿಗೆ ಅಲ್ಲ ಎಂಬಂತೆ, 'ನನಗ ಗೊತ್ತಿತ್ತು ಅನಸ್ತೈತಿ. ಇಪ್ಪತ್ತೆರಡೂ ಟಿಕ್ಕಿನ ಬಾಲ ಒಂದ ಕಡೆ ಸೊಟ್ಟ ಇದ್ವು. ನೋಡಿದೆ. ನೋಡಿ ಪಿನ್ ಹೊಡದೆ.' ಆ ಮಾತಿನಿಂದ ಸೋಮಪ್ಪನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ತನ್ನ ಸುಳ್ಳಿನೊಳಗೆ ಇನ್ನೊಬ್ಬರು ವರ್ಷವಿಡೀ ಸಂಬಳ ತೆಗೆದುಕೊಂಡು ಕುಳಿತಿದ್ದರೆಂದು, ಆ ಹುಡುಗಿ ದಿನಾ ಬೆಳಿಗ್ಗೆ ಕಿತ್ತೂರಿನಿಂದ ಬಸ್ಸು ಹಿಡಿಯುವಾಗ ಅವಳಿಗೆ ಫಾರ್ಮಿನ ಯಾವ ಮುಖವೆಂದು ಯಾರೂ ಕೇಳಿರಲಾರರೆಂದು ಅನಿಸಿತು. 'ಅವರು ಏನ ಅಂದಿದ್ರು?' ಎಂದಳು ಸಿಮ್ರನ. ಅವನು ಹೇಳಿದ. ಕುಪ್ಪೆಯ ಮಾತು ಬಂದಾಗ ಅವಳು ತಡೆದಳು. 'ಕುಪ್ಪಿ ಅಂದ್ರ ಹೆಂಗ? ನಾ ನೋಡೇ ಇಲ್ಲಲ್ಲ. ನಾ ಬರೂದ್ರಾಗ ಪಟ್ಟಾ ಇತ್ತು. ನಡೀರಿ, ತೋರಸ್ರಿ. ನೋಡಿದ್ರ ನನ್ನ ಕೈಯಿಂದ ಬರದು ಕಳಸ್ತೇನಿ. ಮ್ಯಾಲಿನವರು ಏನಂತಾರೋ ಗೊತ್ತಿಲ್ಲ.'

ಮಧ್ಯಾಹ್ನದ ಊಟದ ಮೇಲೆ, ಪಟ್ಟಾ ಇನ್ನೂ ಶುರುವಾಗುವ ಮೊದಲು, ಸಿಮ್ರನ ಸೀತವ್ವನ ಮುಂದೆ ನಿಂತು ಕೇಳಿದಳು. ಸೀತವ್ವ ಅವಳನ್ನೂ, ಅವಳ ಹಿಂದೆ ನಿಂತ ಸೋಮಪ್ಪನನ್ನೂ ನೋಡಿದಳು. ನಾಲ್ಕು ದಿನದಲ್ಲಿ ಮೊದಲ ಸಲ ಮುಖ ನೋಡಿದಳು. ಆಮೇಲೆ ಎದ್ದು, ಮೂಲೆಯಿಂದ ಒಂದು ಗೋಣಿತಾಟು ಎಳೆದು ಕೊಡವಿ ಹಾಸಿ, ಗುಡ್ಡೆಯಿಂದ ಒಂದು ದೊಡ್ಡ ಬುಟ್ಟಿ ಹತ್ತಿ ತುಂಬಿಕೊಂಡು ಬಂದು ಸುರುವಿ ಕುಳಿತಳು. ಮಂಡಿ ಮಡಚುವಾಗ ಅಬ್ಬಾ ಎಂದಳು. ಎರಡು ವರ್ಷ ನಿಂತೇ ಇದ್ದ ಮಂಡಿ. ಬಸಯ್ಯನವರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು, ಆದರೆ ಪಟ್ಟಾ ಓಡಿಸಲು ಹೇಳಲಿಲ್ಲ. ಹುಬ್ಬಳ್ಳಿಯ ಆಫೀಸಿನವಳು ನಿಂತಿದ್ದಳಲ್ಲ. ಹೆಂಗಸರು ಸುತ್ತ ಕುಳಿತರು. ಸೀತವ್ವನ ಬೆರಳುಗಳು ಮೊದಲು ತಡವರಿಸಿದವು, ಪಟ್ಟಾದ ಹತ್ತಿ ತಾನೇ ಮುಂದೆ ಹೋಗುತ್ತದೆ, ಇದು ಹೋಗುವುದಿಲ್ಲ, ಕೈಯೇ ಕಳಿಸಬೇಕು. ಆಮೇಲೆ ಹದ ಸಿಕ್ಕಿತು. ಕಸ ಎಡಕ್ಕೆ, ಹತ್ತಿ ಬಲಕ್ಕೆ. ಮದರಬಿ ಹಳೆಯ ಬೈಗುಳದ ಹಾಡೊಂದನ್ನು ಮೂಗಿನಲ್ಲೇ ಎಳೆದಳು. ಅರ್ಧ ಗಂಟೆಯಲ್ಲಿ ಸೀತವ್ವನ ಬಲಗಡೆ ಮೊಣಕಾಲೆತ್ತರದ ಕುಪ್ಪೆ ಎದ್ದಿತು, ತುದಿ ಚೂಪಾಗಿ, ಬೆಳ್ಳಗೆ. ಸಿಮ್ರನ ಅದರ ಸುತ್ತ ಒಂದು ಸುತ್ತು ಬಂದಳು. 'ಇದು ನಿಮ್ಮದು ಅಂತ ಗೊತ್ತಾಗತೈತಿ,' ಎಂದಳು, ದೊಡ್ಡದೇನನ್ನೋ ಕಂಡುಹಿಡಿದವಳ ಹಾಗೆ.

'ಇನ್ನ ಗೊತ್ತಾಗಿಲ್ಲ,' ಎಂದಳು ಸೀತವ್ವ. 'ಸೋಮಣ್ಣ ಕೈ ಹಾಕಲಿ.'

ಅವನು ಕುಕ್ಕರಗಾಲಿನಲ್ಲಿ ಕುಳಿತು ತೋಳು ಮಡಚಿದ. ಮೊಳಕೈವರೆಗೆ ಕೈ ತೂರಿಸಿದಾಗ ಒಳಗೆ ಬೆಚ್ಚಗಿತ್ತು. ಹತ್ತಿಯ ಒಳಗಿನ ಆ ಬಿಸಿಯನ್ನು ತಾನು ಮರೆತೇ ಬಿಟ್ಟಿದ್ದೆ ಎಂದು ಅವನ ಕೈಗೆ ಗೊತ್ತಾಯಿತು. ಒಂದು ಚಿವುಟು ತೆಗೆದ. ಕಾಳು ಬಿಡಿಸಿದ. ಹೆಬ್ಬೆರಳುಗಳು ತಾವಾಗಿ ಎಳೆದವು, ಜೋಡಿಸಿದವು, ಮತ್ತೆ ಎಳೆದವು. ಮಲಗಿಸಲು ಎಡಗೈ ಮುಂದೆ ಮಾಡಿದಾಗ ಕರಿ ಅರಿವೆ ಇರಲಿಲ್ಲ. ಒಂದು ಕ್ಷಣ ಗಲಿಬಿಲಿಯಾಗಿ, ಶಾಲಿನ ಅಂಚನ್ನೇ ಮಣಿಕಟ್ಟಿನ ಮೇಲೆ ಎಳೆದುಕೊಂಡು ಅದರ ಮೇಲೆ ಮಲಗಿಸಿದ. ಕಾಫಿ ಬಣ್ಣದ ಮೇಲೆ ಎಳೆಗಳು ಒಂದೊಂದೂ ಕಂಡವು.

'ಅದಕ್ಕರೆ ಉಪಯೋಗ ಬಂತು ಶಾಲು,' ಎಂದಳು ಮದರಬಿ.

ಬಿಳಿಯ ನಡುವೆ ಒಂದು ಕಂದು ಚೂರು ಇತ್ತು. ಒಣಗಿದ ಎಲೆಯ ಪುಡಿ, ಸಾಸಿವೆಯಷ್ಟೂ ಇಲ್ಲ. ಬೇರೆ ಯಾರೂ ಅದನ್ನು ಕಾಣಲಾರರು. ಸಿಮ್ರನ ಅಂತೂ ಹತ್ತಿರ ಬಗ್ಗಿದರೂ ಕಾಣಲಾರಳು. ಎರಡು ವರ್ಷ ಪಟ್ಟಾದ ಮುಂದೆ ನಿಂತ ಕಣ್ಣು, ಐವತ್ತು ದಾಟಿದ ಕಣ್ಣು, ಬಿಟ್ಟಿರುವುದು ಸಹಜ. ಚಲೋ ಐತಿ ಎಂದುಬಿಟ್ಟರೆ ಮುಗಿಯಿತು. ಹುಬ್ಬಳ್ಳಿ ಆಫೀಸಿನ ಹುಡುಗಿ ಬರೆದುಕೊಳ್ಳುತ್ತಾಳೆ, ಕುಪ್ಪೆಯ ಕೆಲಸ ಪಟ್ಟಾಕ್ಕಿಂತ ಮೇಲು ಎಂದು ಹೋಗುತ್ತದೆ, ಯಾರಿಗೆ ಗೊತ್ತು, ಸೀತವ್ವನ ಕುಪ್ಪೆ ಸೀತವ್ವನಿಗೆ ಬಂದರೂ ಬರಬಹುದು, ರಾಮದುರ್ಗದ ತಂಗಿ ಮುಂದಿನ ಸಂಕ್ರಾಂತಿಗೆ ರೊಟ್ಟಿ ಮುರಿಯಲೂಬಹುದು. ಇಷ್ಟು ಜನ ಸುತ್ತ ಕುಳಿತು ಕಾಯುತ್ತಿದ್ದಾರೆ. ಕಸ ಐತಿ ಎಂದರೆ, ನೋಡ್ರಿ ಕುಪ್ಪ್ಯಾಗೂ ಕಸ, ಎಂದು ಬಸಯ್ಯನವರೇ ಮೊದಲು ಅನ್ನುತ್ತಾರೆ. ಒಲೆಯ ಮುಂದಿನ ಮಣೆ, ರೊಟ್ಟಿಯ ಸಪ್ಪಳ, ನಿಂತು ಸರಿದ ಪೆನ್ನು, ಆಮೇಲೆ ಬಂದ ಆ ಸಮಾಧಾನ, ಎಲ್ಲ ಮತ್ತೆ ಅವನ ಹತ್ತಿರ ಬಂದು ಮಗ್ಗುಲಲ್ಲಿ ಕುಳಿತವು. ತಲೆಯೆತ್ತಿದ. ಸೀತವ್ವ ಸಿಮ್ರನಳನ್ನು ನೋಡುತ್ತಿರಲಿಲ್ಲ, ಬಸಯ್ಯನವರನ್ನೂ ನೋಡುತ್ತಿರಲಿಲ್ಲ. ಅವನ ಬೆರಳುಗಳನ್ನೇ ನೋಡುತ್ತಿದ್ದಳು.

'ಕಸ ಐತಿ, ಸೀತವ್ವಕ್ಕ,' ಎಂದ.

ಯಾರೋ ಚ್ಚ್ ಎಂದರು. ಸಿಮ್ರನ ಏನೋ ಹೇಳಲು ಬಾಯಿ ತೆರೆದಳು. ಬಾಗಿಲಲ್ಲಿ ಬಸಯ್ಯನವರ ಚಪ್ಪಲಿ ಕಿರ್ರೆಂದಿತು. ಸೀತವ್ವ ಮುಂದೆ ಬಾಗಿ, ಅವನ ಮಣಿಕಟ್ಟನ್ನು ಹಿಡಿದು ಬೆಳಕಿನ ಕಡೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

'ಎಲ್ಲೈತಿ?'

ಅವನು ಉಗುರಿನಿಂದ ತೋರಿಸಿದ.

'ಹೌದು,' ಎಂದಳು. ಕೈ ಬಿಟ್ಟಳು. ಅವಳ ಮುಖದ ಮೇಲೆ ಬಂದದ್ದು ಫಾರ್ಮಿನ ಐದು ಮುಖಗಳಲ್ಲಿ ಯಾವುದೂ ಆಗಿರಲಿಲ್ಲ. ಎರಡೂ ಕೈಯಿಂದ ಇಡೀ ಕುಪ್ಪೆಯನ್ನು ಕೆಡವಿ, ಗೋಣಿತಾಟಿನ ಮೇಲೆ ಹರಡಿ, ಕಾಲು ಸರಿಯಾಗಿ ಚಾಚಿಕೊಂಡಳು. 'ಕಣ್ಣು ಹ್ವಾಗ್ಯಾವು. ತಡೀರಿ, ಮತ್ತೊಮ್ಮೆ ಮಾಡತೇನಿ.'

'ಏ ಬಾಯಾರ, ಪಟ್ಟಾ ಚಾಲೂ ಮಾಡೂದೈತಿ,' ಎಂದರು ಬಸಯ್ಯನವರು.

'ಮಾಡ್ರಿ, ಇಪ್ಪತ್ತೊಂದು ಮಂದಿ ಅದಾರ.' ಅವಳು ತಲೆಯೆತ್ತಲಿಲ್ಲ. 'ಸೋಮಣ್ಣಾ, ನೀವು ಹೋಗಬ್ಯಾಡ್ರಿ.'

ಪಟ್ಟಾ ಓಡತೊಡಗಿತು. ಅದರ ಸದ್ದಿನಲ್ಲಿ ಸಿಮ್ರನ ಹತ್ತಿರ ಬಂದು, ಅವನ ಕಿಸೆಯಿಂದ ಹೊರಗೆ ಚಾಚಿದ್ದ ಕಾಗದ ತೋರಿಸಿ, 'ನಿಮ್ಮ ಫಾರ್ಮ್, ಅಂಕಲ್?' ಎಂದು ಕೇಳಿದಳು. ಸೋಮಪ್ಪ ತಾಳಿರಿ ಎಂಬಂತೆ ಬಲಗೈ ಎತ್ತಿದ. ಎಡಗೈಯ ಶಾಲಿನ ಮೇಲೆ ಎಳೆಗಳು ಇನ್ನೂ ಮಲಗಿದ್ದವು, ಅಲುಗಿದರೆ ಉದುರುತ್ತವೆ. 'ಸ್ವಲ್ಪ ತಡೀರಿ ಮೇಡಂರ,' ಎಂದ, 'ಇನ್ನ ಆರಿಸಾಕ ಹತ್ತ್ಯಾರ.' ಸಿಮ್ರನ ಗಡಿಯಾರ ನೋಡಿಕೊಂಡಳು. ಆಮೇಲೆ ಚಪ್ಪಲಿ ಕಳಚಿಟ್ಟು, ಗೋಣಿತಾಟಿನ ಅಂಚಿನಲ್ಲಿ ಕುಳಿತಳು. ಸೀತವ್ವ ಒಂದು ಹಿಡಿ ಹತ್ತಿಯನ್ನು ಕಣ್ಣಿನ ಹತ್ತಿರ ತಂದು, ಬಿಡಿಸಿ, ಬಲಕ್ಕೆ ಇಟ್ಟಳು. ಎರಡನೆಯ ಕುಪ್ಪೆ ನೆಲದಿಂದ ಇನ್ನೂ ಒಂದು ಗೇಣೂ ಎದ್ದಿರಲಿಲ್ಲ. ಸೋಮಪ್ಪ ಕೈ ಮುಂದೆ ಹಿಡಿದು ಕುಳಿತೇ ಇದ್ದ.